ಕುಂಕುಮ ಹಚ್ಚಿದ ಫಾರ್ಮು

ಮೊದಲು ಕೆಟ್ಟಿದ್ದು ಗಿರಿಜಾಳ ಧ್ವನಿ.

ನನ್ನ ಹೆಂಡತಿ ಗಿರಿಜಾ ಬೆಟಗೇರಿಯ ನೇಕಾರರಿಂದ ಸೀರೆ ತಂದು ಲಕ್ಷ್ಮೇಶ್ವರ, ಶಿರಹಟ್ಟಿಯ ಮನೆಮನೆಗೆ ಹೋಗಿ ಮಾರುವವಳು. ಕೊಳ್ಳುವ ಮನಸ್ಸೇ ಇಲ್ಲದವರಿಗೂ ಮಾತಾಡಿ ಮಾತಾಡಿ ಉಡಿಸಿಬಿಡುತ್ತಿದ್ದಳು. ಬೇಸಿಗೆಯಲ್ಲಿ ಆ ಧ್ವನಿ ಒಡೆಯಿತು. "ಏನಕ್ಕಾ, ಗಂಡಸರ ಧ್ವನಿ ಬಂದೈತಲ್ಲ!" ಎಂದು ಗಿರಾಕಿಗಳು ನಕ್ಕರು. "ನಮ್ಮನಿಯವರು ಮಾತಾಡೂದಿಲ್ಲಲ್ಲಬೇ, ಅವರ ಪಾಲಿಂದೂ ನಾನ ಮಾತಾಡಾಕತ್ತೀನಿ" ಎಂದು ಇವಳೂ ನಕ್ಕಳು. ಉಪ್ಪುನೀರು, ಜ್ಯೇಷ್ಠಮಧು, ಕಷಾಯ ಎಲ್ಲ ಆಯಿತು. ಧ್ವನಿ ತಿಳಿಯಾಗಲಿಲ್ಲ.

ನಾನು ಹುಟ್ಟಾ ಚಿಂತೆಗಾರ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಎಡಗೈ ಜುಮ್ಮೆಂದರೆ ಹಾರ್ಟು, ತಲೆ ಸಿಡಿದರೆ ಗಡ್ಡೆ ಎಂದುಕೊಂಡು ಎಲ್ಲ ರೋಗಗಳನ್ನೂ ನನ್ನ ಮೈಮೇಲೆ ಒಂದೊಂದು ಸಲ ಹೊತ್ತು ಇಳಿಸಿದವನು. ಇಷ್ಟು ವರ್ಷ ಮುಂಬಾಗಿಲು ಕಾದೆ. ರೋಗ ಹಿತ್ತಲಿಂದ ಬಂದು ಪಕ್ಕದಲ್ಲಿ ಮಲಗಿದವಳ ಗಂಟಲು ಹಿಡಿಯಿತು.

ಗದಗಿನ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು. ಎಂಡೋಸ್ಕೋಪಿ. ಬಯಾಪ್ಸಿ. ಸ್ಕ್ಯಾನ್.

ಕ್ಯಾನ್ಸರ್.

ಸರ್ಜನ್ ನನ್ನನ್ನು ಬಿಟ್ಟು ಅವಳನ್ನೇ ನೋಡಿ ಹೇಳಿದರು: "ಅಮ್ಮಾ, ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗ್ತದ. ಜಲ್ದಿ ಮಾಡಿದರ ಜೀವಕ್ಕ ಒಳ್ಳೇದು. ಆದರ ಈ ಧ್ವನಿ ತಿರುಗಿ ಬರೂದಿಲ್ಲ. ಕುತ್ತಿಗ್ಯಾಗ ಮಾಡೋ ತೂತಿನಿಂದ ಉಸಿರಾಡಬೇಕು."

ನಾನು ಕುಡಿಯಲು ನೀರು ಕೇಳಿದೆ. ಅವಳು ಕೇಳಿದ್ದು ಒಂದೇ: "ಯಾವಾಗ ಮಾಡ್ತೀರ್ರಿ?"

ಕೌಂಟರಿನಲ್ಲಿ ಒಪ್ಪಿಗೆಯ ಫಾರ್ಮು ಕೊಟ್ಟರು. ಮೇಲಿನ ಮೂಲೆಯಲ್ಲಿ ಅವಳ ನಂಬರು ಒತ್ತಿತ್ತು. ಕೈಬರಹ ಓದಲು ಬರುವುದಿಲ್ಲ, ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತುಂಬಿ ಮೇಲ್ ಮಾಡಿ, ಅದು ಸರಿ ಇದ್ದರೆ ಬೆಡ್ ಹಿಡಿದಿಡುತ್ತೇವೆ, ಸಹಿ ಬಂದಾಗ ಮಾಡುವಿರಂತೆ ಎಂದರು. ಜೀವಮಾನವೆಲ್ಲ ಮಂದಿಯ ಫಾರ್ಮುಗಳಲ್ಲಿ ತಪ್ಪು ಹುಡುಕಿದವನು ನಾನು. ಇದೇನು ಮಹಾ ಅನ್ನಿಸಿತು.

ಸ್ಕ್ಯಾನ್ ಮಾಡಿದ ಕಾಗದ ಕಂಪ್ಯೂಟರಿಗೆ ಬರೀ ಚಿತ್ರ. ಚುಕ್ಕಿ ಚುಕ್ಕಿ ಗೆರೆಯ ಮೇಲೆ ಕರ್ಸರ್ ಕೂಡುವುದಿಲ್ಲ. ಒಂದೊಂದು ಉತ್ತರಕ್ಕೂ ಒಂದೊಂದು ಡಬ್ಬಿ ಎಳೆದು, ಅದರೊಳಗೆ ಟೈಪ್ ಮಾಡಿ, ಗೆರೆಯ ಮೇಲೆ ತಂದು ಕೂಡಿಸಬೇಕು. ವಯಸ್ಸು ಹೋಗಿ ವಿಳಾಸದಲ್ಲಿ ಬಿತ್ತು. ಗಂಡನ ಹೆಸರು ರೋಗದ ಹೆಸರಿನ ಮೇಲೆ ಹತ್ತಿ ಕುಂತಿತು. ಸಾಲದ್ದಕ್ಕೆ ಕಾಗದವೇ ಡೊಂಕು. ಎಡಕ್ಕೆ ಸ್ವಲ್ಪ ತಿರುಗಿಸಿದೆ, ಬಲಕ್ಕೆ ಸ್ವಲ್ಪ ತಿರುಗಿಸಿದೆ, ಮತ್ತೆ ಎಡಕ್ಕೆ. ನೆಟ್ಟಗಾಗುವ ತನಕ ಕಳಿಸಬೇಕಾಗಿಲ್ಲವಲ್ಲ ಎಂಬ ಆಸೆ ಒಳಗೆಲ್ಲೋ ಇತ್ತು.

"ಡೊಂಕ ಇದ್ರ ಇರ್ಲಿ ಬಿಡ್ರಿ. ಅವರೇನ ಕಟ್ಟ ಹಾಕಿಸಿ ಗ್ವಾಡಿಗೆ ತೂಗ ಹಾಕ್ತಾರನ?" ಎಂದಳು ಗಿರಿಜಾ, ಅಡುಗೆಮನೆಯಿಂದ ಬಂದು ಇಣುಕಿ.

'ರೋಗಿಯು ಸ್ವಂತ ಮಾತಿನಲ್ಲಿ' ಎಂಬ ಕೊನೆಯ ಜಾಗದಲ್ಲಿ ನಾನೇ ಬರೆದೆ: ಶಸ್ತ್ರಚಿಕಿತ್ಸೆಯ ಪರಿಣಾಮಗಳ ಅರಿವು ನನಗಿರುತ್ತದೆ. ಅದರಲ್ಲಿ ಧ್ವನಿ ಎಂಬ ಶಬ್ದವೇ ಇರಲಿಲ್ಲ. ಬೆರಳು ಆ ಕಡೆ ಹೋಗಲಿಲ್ಲ. ಕಳಿಸಿದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು. "ಸರ್, ಫಾರ್ಮಿನ ಮೂಲಿಗೆ ಕರೀ ಕಲೆ ಬಂದೈತ್ರಿ, ನಂಬರ್ ಕಾಣವಲ್ದು. ಇವತ್ತ ಸಂಜಿ ಒಳಗ ಮತ್ತ ಕಳಿಸ್ರಿ. ಇಲ್ಲಂದ್ರ ಬೆಡ್ ಮುಂದಿನವರಿಗೆ ಹೋಗ್ತೈತಿ."

ಕಾಗದ ತೆಗೆದು ನೋಡಿದೆ. ನಾಲ್ಕೂ ಮೂಲೆಗೆ ಅರಿಷಿಣ, ಅದರ ನಡುವೆ ಕುಂಕುಮ. ಮಗಳ ಹಾಲ್ ಟಿಕೆಟ್ ಇರಲಿ, ಆಮೇಲೆ ಅವಳ ಲಗ್ನಪತ್ರಿಕೆ ಇರಲಿ, ದೊಡ್ಡ ಕೆಲಸದ ಕಾಗದ ಮನೆಗೆ ಬಂದರೆ ಗಿರಿಜಾ ಅದನ್ನು ದೇವರ ಮುಂದಿಟ್ಟು ಹೀಗೆ ಹಚ್ಚದೆ ಬಿಡುವುದಿಲ್ಲ. ನನಗೂ ಅದು ಎಷ್ಟು ರೂಢಿಯೆಂದರೆ, ಸ್ಕ್ಯಾನ್ ಮಾಡುವಾಗಲೂ ತುಂಬುವಾಗಲೂ ಕಣ್ಣಿಗೇ ಬಿದ್ದಿರಲಿಲ್ಲ. ಕಪ್ಪು ಬಿಳುಪಿನ ಸ್ಕ್ಯಾನಿನಲ್ಲಿ ಅರಿಷಿಣ ಮಾಯವಾಗಿ ಕುಂಕುಮ ಮಸಿಯಾಗಿತ್ತು.

ಒರೆಸಲು ಹೋದೆ. ಇನ್ನಷ್ಟು ಹರಡಿತು.

ಖರೆ ಹೇಳುತ್ತೇನೆ, ನನಗೆ ಒಂದು ಗಳಿಗೆ ಹಗುರಾಯಿತು. "ಗಿರಿಜಾ, ಇದು ಯಾಕೋ ಛಲೋ ಲಕ್ಷಣ ಅಲ್ಲ. ಬ್ಯಾರೆ ಡಾಕ್ಟರಿಗೆ ತೋರ್ಸೂಣು" ಎಂದೆ.

ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಂತಳು. ಧ್ವನಿ ಆಗಲೇ ಪಿಸುಮಾತಿನಷ್ಟು ಇಳಿದಿತ್ತು. "ಕುಂಕುಮ ಹಚ್ಚಿದ್ದು ನಾನು, ಒಳ್ಳೇದಾಗ್ಲಿ ಅಂತ. ನಿಮಗ ಅದೂ ಅಪಶಕುನ ಆತನು? ನಾ ಬದಕಬೇಕೋ ಬ್ಯಾಡೋ?"

ನಾನು ಕಾಗದ ಎತ್ತಿಕೊಂಡು ಕಲರ್ ಸ್ಕ್ಯಾನ್ ಮಾಡಿದೆ. ಕೆಂಪಿನ ಅಡಿಯಲ್ಲಿ ನಂಬರು ತಿಳಿಯಾಗಿ ಕಂಡಿತು. ಮತ್ತೆ ಮೊದಲಿನಿಂದ ಡಬ್ಬಿ ಎಳೆಯುತ್ತ ಬಂದೆ. ಕೊನೆಯ ಜಾಗ ಬಂದಾಗ ಅವಳು ಕೈ ಹಿಡಿದಳು.

"ಸ್ವಂತ ಮಾತಿನ್ಯಾಗ ಅಂತ ಐತಿ. ನಾ ಹೇಳ್ತೀನಿ, ನೀವು ಬರೀರಿ. ನನ್ನ ಧ್ವನಿ ಹೋಕ್ಕೈತಿ ಅಂತ ಡಾಕ್ಟರು ಹೇಳ್ಯಾರು. ನನಗ ಎಲ್ಲಾ ತಿಳದೈತಿ. ಜೀವ ಉಳಿಸ್ರಿ."

'ನನ್ನ ಧ್ವನಿ ಹೋಗುತ್ತದೆ ಎಂದು ವೈದ್ಯರು' ಎಂದು ಟೈಪ್ ಮಾಡತೊಡಗಿದೆ.

"ಹಂಗಲ್ಲ. ನಾ ಅಂದಂಗ ಬರೀರಿ."

ಅಳಿಸಿದೆ. ಅಂದಂತೆ ಬರೆದೆ. ಅಕ್ಷರ ಮಂಜಾದದ್ದಕ್ಕೆ ಕಂಪ್ಯೂಟರನ್ನು ಬೈದೆ.

ಆಪರೇಷನ್ ಆಗಿ ಮಳೆಗಾಲ ಕಳೆಯಿತು. ಮನೆಯ ಮೌನ ನನಗಿನ್ನೂ ಒಗ್ಗಿಲ್ಲ. ಕುತ್ತಿಗೆಯ ತೂತಿನ ನಳಿಗೆಯನ್ನು ಈಗಲೂ ಎರಡೆರಡು ಸಲ ತೊಳೆಯುತ್ತೇನೆ, ರಾತ್ರಿ ಅವಳು ಕೆಮ್ಮಿದರೆ ಎದ್ದು ದೀಪ ಹಾಕುತ್ತೇನೆ. ಸೀರೆಯ ಗಂಟು ಅಟ್ಟದ ಮೇಲಿದೆ. ಒಮ್ಮೆ ಇಳಿಸಿ, ಮಡಿಕೆ ಬದಲಿಸಿ, ಮತ್ತೆ ಏರಿಸಿಟ್ಟಳು. ರೋಗ ಸದ್ಯಕ್ಕೆ ಇಲ್ಲ ಎಂದಿದ್ದಾರೆ ಡಾಕ್ಟರು. ಆ 'ಸದ್ಯಕ್ಕೆ'ಯನ್ನು ನಾನು ಹಗಲೆಲ್ಲ ಅಗಿಯುತ್ತಿರುತ್ತೇನೆ. ಅವಳು ರೊಟ್ಟಿ ಬಡಿಯುತ್ತಿರುತ್ತಾಳೆ.

ಮೊನ್ನೆ ತಪಾಸಣೆಗೆ ಇನ್ನೊಂದು ಫಾರ್ಮು ಬಂತು. ಈಗ ನಮ್ಮ ಮನೆಯಲ್ಲಿ ಮೊದಲು ಸ್ಕ್ಯಾನು, ಆಮೇಲೆ ಕುಂಕುಮ. ತುಂಬಿ ಮುಗಿಸಿದೆ. ಹೆಸರಿನ ಡಬ್ಬಿ ಕೂದಲೆಳೆಯಷ್ಟು ಡೊಂಕು ಅನ್ನಿಸಿ ತಿರುಗಿಸತೊಡಗಿದೆ. ಎಡಕ್ಕೆ. ಬಲಕ್ಕೆ. ಮತ್ತೆ ಎಡಕ್ಕೆ.

ಕಿವಿಯ ಹತ್ತಿರ ಗಿರಿಜಾಳ ಎರಡು ಚಪ್ಪಾಳೆ ಬಿದ್ದವು.

ಡೊಂಕಾಗಿಯೇ ಕಳಿಸಿದೆ.