ಏಣಿನ ಮೇಲೆ ಅಡ್ಡ ನಿಂತ ಟೋರುನ್

ಮೂವತ್ತೊಂದು ವರ್ಷ ಕಣಿವೆಯ ಬಸ್ಸು ಓಡಿಸಿದ ಟೋರುನ್‌ಗೆ ಕೋಪ ಮೂಗಿನ ತುದಿಯಲ್ಲೇ. ಬೂಟಿನ ಹಿಮ ಒದರದೆ ಬಸ್ಸು ಹತ್ತಿದವರನ್ನು, ಅವರು ಪಾದ್ರಿಯೇ ಆಗಿರಲಿ, ಕೆಳಗಿಳಿಸಿ ಮತ್ತೆ ಹತ್ತಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಬೈಯಲು ಜನ ಸಿಗದೆ, ಜುಲೈ ಬಂತೆಂದರೆ ಬೆಸೆಗ್ಗೆನ್ ಬೆಟ್ಟದ ಏಣಿಗೆ, ಅದರ ನೆತ್ತಿಯ ಕಿರಿದಾದ ಅಂಚಿಗೆ, ಹೊರಡುತ್ತಿದ್ದಳು. ಅದೂ ಉಲ್ಟಾ ದಿಕ್ಕಿನಲ್ಲಿ. ನಾರ್ವೆಯ ಜನವೆಲ್ಲ ಬೆಳಿಗ್ಗೆ ದೋಣಿ ಹಿಡಿದು ಸರೋವರದ ಆ ಕಡೆಗೆ ಹೋಗಿ, ಏಣು ಹತ್ತಿ ಈಚೆಗೆ ನಡೆದು ಬರುತ್ತಾರೆ. ಇವಳು ಈಚೆಯಿಂದ ಹೊರಟು, ಅವರು ಹತ್ತುವ ಕಡೆ ಇಳಿಯುವವಳು. ಊರಿನಲ್ಲಿ ಪಕ್ಕದ ಮನೆಯವರನ್ನೂ ಕಣ್ಣೆತ್ತಿ ನೋಡದ ಈ ಜನ ಬೆಟ್ಟದ ಮೇಲೆ ಮಾತ್ರ ಎದುರಾದವರಿಗೆಲ್ಲ "ಹೈ" ಅನ್ನಲೇಬೇಕು. ಆ ದಿನ ಇನ್ನೂರು ಸಲ ಹೈ ಅಂದು ಟೋರುನ್‌ಳ ತಲೆ ಕೆಟ್ಟಿತ್ತು.

ಏಣಿನ ಕಡಿದಾದ ಭಾಗದಲ್ಲಿ ಒಬ್ಬರು ಸಾಗುವಷ್ಟೇ ಜಾಗ. ಒಂದು ಕಡೆ ಪಾತಾಳದಲ್ಲಿ ಹಸಿರು ಯೆಂಡೆ ಸರೋವರ. ಅಲ್ಲಿ ಬಂಡೆ ಹಿಡಿದು ಮೇಲೆ ಬರುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತದೆಯೇ "ಹೈ ಹೈ" ಅಂದಳು. ಟೋರುನ್ ಕೂಡ "ಹೈ" ಅಂದುಬಿಟ್ಟಳು. ಹೆಂಗಸು ತಲೆ ಎತ್ತಿದಳು. ಸೋಲ್ವಿ, ಒಡಹುಟ್ಟಿದ ಅಕ್ಕ.

ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ನಾಲ್ಕು ದಿನ ಸಾವಿನ ದಾರಿ ಕಾಯುತ್ತಿದ್ದಾಗ ಸೋಲ್ವಿ ಹಾಸಿಗೆಯ ಪಕ್ಕದಲ್ಲೇ ಇದ್ದಳು. ನಲವತ್ತು ಕಿಲೋಮೀಟರ್ ಆಚೆ ಇದ್ದ ತಂಗಿಗೆ ಫೋನ್ ಮಾಡಿದ್ದು ಎಲ್ಲ ಮುಗಿದ ಮೇಲೆ. ಯಾಕೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಟೋರುನ್‌ಗೆ ಬೇಕಾಗಿದ್ದದ್ದು ಆ ಉತ್ತರವೊಂದೇ.

"ದಾರಿ ಬಿಡು ಟೋರುನ್. ಹತ್ತೋರಿಗೆ ಮೊದಲು ದಾರಿ," ಅಂದಳು ಸೋಲ್ವಿ.

"ನನಗೇ ರೂಲ್ಸು ಹೇಳಬೇಡ. ಅವತ್ತು ಯಾಕೆ ಫೋನ್ ಮಾಡ್ಲಿಲ್ಲ ಹೇಳು, ಬಿಡ್ತೀನಿ."

"ಇಲ್ಲಿ ಕೇಳೋ ಮಾತಾ ಇದು?"

"ಮನೇಲಿ ಕೇಳಿದ್ರೆ ಬಾಗಿಲು ಹಾಕ್ಕೋತೀಯ. ಇಲ್ಲಿ ಅದೊಂದಿಲ್ಲ."

ಸೋಲ್ವಿಯ ಹಿಂದೆ ಹತ್ತು ಹದಿನೈದು ಜನ ನಿಂತುಬಿಟ್ಟರು. ಒಬ್ಬ ಸಂಕೋಚದಿಂದ ಕೇಳಿದ, "ಕ್ಷಮಿಸಿ, ಇನ್ನೂ ತುಂಬಾ ಹೊತ್ತಾಗುತ್ತಾ?"

"ಒಂಬತ್ತು ವರ್ಷ ಆಗಿದೆ. ನೀವೂ ಸ್ವಲ್ಪ ಕಾಯಿರಿ," ಅಂದಳು ಟೋರುನ್. ಅವನು ಅಲ್ಲೇ ಕುಳಿತು ಕಿತ್ತಳೆ ಸುಲಿಯತೊಡಗಿದ.

ಸೋಲ್ವಿ ಉಸಿರು ಬಿಟ್ಟಳು. "ಅಮ್ಮನೇ ಬೇಡ ಅಂದಳು."

"ಸುಳ್ಳು."

"'ಅವಳು ಬಂದ್ರೆ ಡಾಕ್ಟರನ್ನ ಬೈತಾಳೆ, ನರ್ಸನ್ನ ಬೈತಾಳೆ, ಕೊನೇಗೆ ನನ್ನೂ ಬೈತಾಳೆ. ನೆಮ್ಮದಿಯಾಗಿ ಸಾಯೋಕೆ ಬಿಡು' ಅಂದಳು. ಸಾಕಾ?"

ಟೋರುನ್‌ಗೆ ಎದುರಿಗಿದ್ದವಳನ್ನು ಹಿಡಿದು ಅಲುಗಾಡಿಸಬೇಕೆನ್ನಿಸಿತು. "ಮತ್ತೆ ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ?"

"ಹೇಳಿದ್ರೆ ನೀನು ಅಮ್ಮನ ಮೇಲೆ ಉರಿದು ಬೀಳ್ತಿದ್ದೆ. ಸತ್ತೋಳು ಏನಂತ ಜವಾಬು ಕೊಡ್ತಾಳೆ? ನಾನಾದ್ರೆ ಗಟ್ಟಿ ಇದೀನಿ, ನಿನ್ನ ಸಿಟ್ಟು ನನ್ನ ಮೇಲೇ ಇರ್ಲಿ ಅಂದ್ಕೊಂಡೆ."

ಟೋರುನ್ ಬಂಡೆಗೆ ಬೆನ್ನು ಕೊಟ್ಟು ದಾರಿ ಬಿಟ್ಟಳು. ಸೋಲ್ವಿ ಅವಳ ತೋಳು ಹಿಡಿದೇ ದಾಟಬೇಕಾಯಿತು. ದಾಟಿದ ಮೇಲೂ ಒಂದು ಗಳಿಗೆ ಕೈ ಬಿಡಲಿಲ್ಲ. ಟೋರುನ್ ಬಿಡಿಸಿಕೊಳ್ಳಲಿಲ್ಲ.

ಅಕ್ಕ ಅಂದುಕೊಂಡದ್ದು ತಪ್ಪಾಗಿರಲಿಲ್ಲ. ಅಲ್ಲಿಂದ ದೋಣಿ ನಿಲ್ಲುವ ದಡದವರೆಗೆ, ಎರಡೂವರೆ ಗಂಟೆ, ಟೋರುನ್ ಅಮ್ಮನನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇಳಿದಳು. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ನಿಂತರು.

"ನಾಲ್ಕೇ ದಿನ," ಅಂದಳು ಕೊನೆಗೆ, ದಡದ ಕಲ್ಲಿನ ಮೇಲೆ ಕುಸಿದು. "ಬಾಯಿ ಮುಚ್ಕೊಂಡು ಕೂತಿರ್ತಿದ್ದೆ. ಒಂದ್ಸಲ ಕರೆದು ನೋಡಬೇಕಿತ್ತು ನೀನು, ಅಮ್ಮ."