ಶೆಡ್ಡಿನ ಕಂಪ್ಯೂಟರಿನ ವೇಗ ಏರಿಸಿದ್ದು

ಪೀಣ್ಯದಲ್ಲಿ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಗಳಿಗೆ ಉಕ್ಕಿನ ಅಚ್ಚು ಮಾಡಿಕೊಡುವ ಒಂದು ಶೆಡ್ಡಿನಲ್ಲಿ ನಾನು ಏಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಚ್ಚಿನ ಚಿತ್ರ ಬಂದರೆ, ಕಟರ್ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಆಳಕ್ಕೆ ಇಳಿಯಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ, ಆ ಅಂಕಿಗಳ ಫೈಲನ್ನು ಮಿಲ್ಲಿಂಗ್ ಮಷೀನಿಗೆ ಕಳಿಸುವುದು ನನ್ನ ಕೆಲಸ. ಲೆಕ್ಕ ಹಾಕುವುದು ಕಂಪ್ಯೂಟರ್. ಅದು ಮುಗಿಯುವವರೆಗೆ ಕಾಯುವುದು ನಾನು.

ಕಾಯುವುದೆಂದರೆ ನನಗೆ ಆಗಿಬರುವುದಿಲ್ಲ. ಬಸ್ಸು ಎರಡು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುತ್ತೇನೆ, ಆಗಲೇ ಬಸ್ಸು ನನ್ನ ಪಕ್ಕದಲ್ಲೇ ಹಾದುಹೋಗುತ್ತದೆ. ಮನೆಯಲ್ಲಿ ಕುಕ್ಕರ್ ತಣ್ಣಗಾಗುವ ಮೊದಲೇ ವೆಯ್ಟ್ ಎತ್ತಿ ಅಮ್ಮನ ಕೈಲಿ ಬೈಸಿಕೊಳ್ಳುತ್ತೇನೆ. ಇಂಥವಳು ಪರದೆಯ ಕೆಳಗಿನ ಹಸಿರು ಪಟ್ಟಿ ಕೂದಲೆಳೆಯಷ್ಟು ಸರಿಯುವುದನ್ನು ನೋಡುತ್ತಾ ಕೂರಬೇಕಿತ್ತು. ಸಣ್ಣ ಅಚ್ಚಾದರೆ ಹತ್ತು ನಿಮಿಷ, ದೊಡ್ಡದಾದರೆ ನಲವತ್ತು, ಐವತ್ತು. ಕೂತಲ್ಲೇ ಕಾಲು ಅಲುಗಾಡಲು ಶುರುವಾಗುತ್ತಿತ್ತು. ಎದ್ದು ಬಾಗಿಲ ತನಕ ಹೋಗಿ ಬರುವುದು, ಟೀ ಕುಡಿಯುವುದು, ಮತ್ತೆ ಬಂದು ನೋಡುವುದು. ಪಟ್ಟಿ ಇದ್ದಲ್ಲೇ ಇರುತ್ತಿತ್ತು.

ಹೊಸ ಕಂಪ್ಯೂಟರ್ ಬೇಕೆಂದು ಯಜಮಾನರನ್ನು ಎರಡು ಸಲ ಕೇಳಿದ್ದೆ. ಯಜಮಾನರದು ಇದೇ ಊರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಶೆಡ್ಡು ಎದ್ದಿತ್ತು. ಮಷೀನುಗಳ ಶಬ್ದ ಕೇಳಿಯೇ ಯಾವುದಕ್ಕೆ ಎಣ್ಣೆ ಬೇಕು ಎಂದು ಹೇಳಬಲ್ಲವರು, ಆದರೆ ಕಂಪ್ಯೂಟರಿನ ತಂಟೆಗೆ ಬರುತ್ತಿರಲಿಲ್ಲ. "ಓಡ್ತಾ ಐತಲ್ಲಮ್ಮ, ಇನ್ನೊಂದೊರ್ಸ ಓಡ್ಲಿ," ಎಂದಿದ್ದರು.

ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ನನ್ನದೇ ಒಂದು ಹಳೇ ಕಂಪ್ಯೂಟರ್ ಇತ್ತು. ವಿಡಿಯೋಗಳನ್ನು ನೋಡಿ ಅದನ್ನು ಓವರ್‌ಕ್ಲಾಕ್ ಮಾಡುವುದನ್ನು ಕಲಿತಿದ್ದೆ. ಪ್ರೊಸೆಸರಿಗೂ ಮೆಮೊರಿಗೂ ತಯಾರಿಸಿದವರು ಇಷ್ಟೇ ವೇಗ ಎಂದು ಗೊತ್ತುಮಾಡಿರುತ್ತಾರೆ. ಕಂಪ್ಯೂಟರ್ ಆನ್ ಆಗುವಾಗ ಒಂದು ಕೀ ಒತ್ತಿ ಒಳಗಿನ ಸೆಟ್ಟಿಂಗಿಗೆ ಹೋದರೆ ಆ ಮಿತಿಯನ್ನು ದಾಟಿಸಬಹುದು. ಬಿಸಿ ಜಾಸ್ತಿಯಾಗುತ್ತದೆ, ವೋಲ್ಟೇಜನ್ನೂ ಚೂರು ಏರಿಸಬೇಕಾಗುತ್ತದೆ. ಒಂದು ಮೆಟ್ಟಿಲು ಏರಿಸುವುದು, ಪರೀಕ್ಷೆ ಓಡಿಸುವುದು, ತಡೆದುಕೊಂಡರೆ ಇನ್ನೊಂದು ಮೆಟ್ಟಿಲು. ಕೈಗೆ ಸಿಕ್ಕಿದ್ದನ್ನು ಹಾಗೇ ಬಿಡಲಾರದ ನನ್ನಂಥವರಿಗೆ ಹೇಳಿ ಮಾಡಿಸಿದ ಕೆಲಸ ಅದು.

ಜನವರಿಯ ಒಂದು ಶನಿವಾರ, ಶೆಡ್ಡಿನಲ್ಲಿ ಅರ್ಧ ದಿನದ ಕೆಲಸ ಮುಗಿದು ಎಲ್ಲರೂ ಹೊರಟಮೇಲೆ, ಮನೆಯಿಂದ ತಂದಿದ್ದ ದೊಡ್ಡ ಫ್ಯಾನನ್ನು ಆಫೀಸಿನ ಕಂಪ್ಯೂಟರಿನ ಪ್ರೊಸೆಸರಿನ ಮೇಲೆ ಕೂರಿಸಿದೆ. ಯಾರನ್ನೂ ಕೇಳಲಿಲ್ಲ. ಪ್ರೊಸೆಸರಿನ ವೇಗ ಏರಿಸಿ ಎರಡು ಗಂಟೆ ಪರೀಕ್ಷೆ ಓಡಿಸಿದೆ. ತಡೆದುಕೊಂಡಿತು. ಆಮೇಲೆ ಮೆಮೊರಿ. ಮೆಮೊರಿಗೆ ಇಡೀ ದಿನ ಪರೀಕ್ಷೆ ಓಡಿಸಬೇಕು, ಏಕೆಂದರೆ ಅದು ತಪ್ಪಿದರೆ ಕಂಪ್ಯೂಟರ್ ನಿಲ್ಲುವುದಿಲ್ಲ, ಎಲ್ಲೋ ಒಂದು ಅಂಕಿಯನ್ನು ಸುಮ್ಮನೆ ಬದಲಿಸಿ ಮುಂದೆ ಹೋಗಿಬಿಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದೇ ಸುತ್ತು ಓಡಿಸಿದೆ. ತಪ್ಪು ಸೊನ್ನೆ ಎಂದು ಬಂತು. ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟೆ.

ಸೋಮವಾರ ನಲವತ್ತು ನಿಮಿಷದ ಲೆಕ್ಕ ಇಪ್ಪತ್ತಾರು ನಿಮಿಷಕ್ಕೆ ಮುಗಿಯಿತು. ಯಜಮಾನರು, "ಏನಮ್ಮಾ, ಈಗೀಗ ಬೇಗ ಬೇಗ ಕೊಡ್ತಿದೀಯ," ಎಂದರು. ನಾನು ನಕ್ಕು ಮುಂದಿನ ಫೈಲ್ ತೆರೆದೆ. ಫೆಬ್ರವರಿ, ಮಾರ್ಚ್ ಹೀಗೇ ಕಳೆದವು.

ಏಪ್ರಿಲ್‌ನಲ್ಲಿ ಶೀಟಿನ ಮಾಡು ಬಿಸಿಲಿಗೆ ಕಾಯತೊಡಗಿತು. ಹನ್ನೊಂದು ಗಂಟೆಗೇ ನನ್ನ ಗಾಜಿನ ಕೋಣೆಯ ಮೇಜು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಆಗ ನಮ್ಮ ಕೈಯಲ್ಲಿದ್ದದ್ದು ಒಂದು ದೊಡ್ಡ ಮುಚ್ಚಳದ ಅಚ್ಚು. ಮೂರು ವಾರ ಕೆಲಸ ಹಿಡಿದು ಕೊನೆಯ ನುಣುಪಿನ ಕೊರೆತಕ್ಕೆ ಬಂದಿತ್ತು. ಮಷೀನಿನಲ್ಲಿದ್ದವರು ನಮ್ಮ ಹಿರಿಯ ಆಪರೇಟರ್. ಹಾವೇರಿ ಕಡೆಯವರು, ಐವತ್ತು ದಾಟಿದವರು. ಒಂದು ಕೂದಲಿನ ದಪ್ಪವನ್ನು ಬೆರಳಲ್ಲೇ ಹೇಳುತ್ತಾರೆ ಎಂದು ಶೆಡ್ಡಿನಲ್ಲಿ ಅವರಿಗೆ ಹೆಸರಿತ್ತು. ಎರಡು ತಿಂಗಳ ಹಿಂದೆಯಷ್ಟೇ ಕನ್ನಡಕ ಬಂದಿತ್ತು. ಅದು ಮೂಗಿನ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ.

ನಾನು ಫೈಲ್ ಕಳಿಸಿದೆ. ಅವರು ಕಟರ್ ಕಟ್ಟಿ, ಅದರ ಉದ್ದ ಅಳೆದು ಮಷೀನಿಗೆ ಹಾಕಿ, ಬಾಗಿಲು ಮುಚ್ಚಿ ಬಟನ್ ಒತ್ತಿದರು. ಅರ್ಧ ಗಂಟೆಯ ಮೇಲೆ ಶೆಡ್ಡಿನ ಶಬ್ದ ಒಮ್ಮೆಗೇ ಬದಲಾಯಿತು. ಕೀರಲು ಸದ್ದು, ಆಮೇಲೆ ಪಟ್ ಎಂದು ಏನೋ ಮುರಿದದ್ದು. ಓಡಿ ಹೋಗಿ ನೋಡಿದರೆ ಕಟರಿನ ತುಂಡು ಬಡಿದು ಮಷೀನಿನ ಬಾಗಿಲಿನ ಗಾಜು ನಕ್ಷತ್ರದಂತೆ ಬಿರುಕು ಬಿಟ್ಟಿತ್ತು. ಹೊಳೆಯುತ್ತಿದ್ದ ಅಚ್ಚಿನ ನಟ್ಟನಡುವೆ ಒಂದು ಆಳವಾದ ಗುಳಿ. ಆಪರೇಟರ್ ಮಷೀನು ನಿಲ್ಲಿಸುವ ಕೆಂಪು ಬಟನ್ ಮೇಲಿಟ್ಟ ಕೈ ತೆಗೆಯದೆ ನಿಂತಿದ್ದರು.

ಯಜಮಾನರು ಬಂದು ಮೊದಲು ನನ್ನನ್ನು ಕೇಳಿದರು. "ಪ್ರೋಗ್ರಾಂ ಸರ್ಯಾಗಿತ್ತೇನಮ್ಮ?"

ನಾನು ಕೋಣೆಗೆ ಹೋಗಿ ಪರದೆಯ ಮೇಲೆ ಕಟರಿನ ದಾರಿಯನ್ನು ಓಡಿಸಿ ನೋಡಿದೆ. ಎಲ್ಲೂ ತಪ್ಪಿರಲಿಲ್ಲ. "ಸರಿಯಿದೆ ಸಾರ್," ಎಂದೆ. ಆ ಕ್ಷಣ ಹಾಗೆಂದೇ ನಂಬಿದ್ದೆ.

"ಅಂಗಾರೆ ಕಟರ್ ಉದ್ದ ತಪ್ಪಾಗಿ ಆಕಿದೀಯ ಕಣಯ್ಯ," ಎಂದು ಅವರು ಆಪರೇಟರ್ ಕಡೆ ತಿರುಗಿದರು.

"ಇಲ್ರೀ, ಎರಡ ಸಲ ಅಳದೇನ್ರೀ."

"ಮತ್ತೆ ಅದೇನು ತಾನಾಗಿ ಒಳಿಕೋಯ್ತಾ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಈ ಕಣ್ಣ ಏನ ಮಾಡಿದುವೋ ಏನೋ ರೀ," ಎಂದರು. ಸಂಜೆಯ ಹೊತ್ತಿಗೆ ಅವರನ್ನು ಮೂಲೆಯ ಡ್ರಿಲ್ಲಿಂಗ್ ಮಷೀನಿಗೆ ಹಾಕಿದರು.

ಮರುದಿನ ಮಧ್ಯಾಹ್ನ ನನ್ನ ಕಂಪ್ಯೂಟರ್ ತಾನಾಗಿ ಆಫ್ ಆಗಿ ಮತ್ತೆ ಆನ್ ಆಯಿತು. ಜನವರಿಯಲ್ಲಿ ಏರಿಸಿದ್ದ ವೇಗ ನೆನಪಾಯಿತು. ಪರದೆಯ ಮೇಲಿನ ಚಿತ್ರ ಬಿಟ್ಟು, ಮಷೀನಿಗೆ ಕಳಿಸಿದ್ದ ಫೈಲನ್ನೇ ತೆರೆದು ಆಳದ ಅಂಕಿಗಳನ್ನು ಹುಡುಕುತ್ತಾ ಹೋದೆ. ಸಾವಿರಾರು ಸಾಲುಗಳು. ಒಂದು ಕಡೆ ಆರು ಮಿಲಿಮೀಟರ್ ಚಿಲ್ಲರೆ, ಅದರ ಮುಂದಿನದು ಮೂವತ್ತೆಂಟು ಚಿಲ್ಲರೆ, ಅದರ ಮುಂದಿನದು ಮತ್ತೆ ಆರು. ಲೆಕ್ಕ ಸರಿಯಾಗಿಯೇ ಆಗಿ, ಫೈಲಿಗೆ ಬರೆಯುವಾಗ ಒಂದೇ ಒಂದು ಅಂಕಿ ಕೆಟ್ಟಿತ್ತು. ಊಟದ ಹೊತ್ತಿನಲ್ಲಿ ಮೆಮೊರಿ ಪರೀಕ್ಷೆ ಹಾಕಿದೆ. ಬಿಸಿಲಿಗೆ ಕಾದ ಆ ಕೋಣೆಯಲ್ಲಿ ಒಂಬತ್ತನೇ ನಿಮಿಷಕ್ಕೆ ತಪ್ಪು ತೋರಿಸುವ ಕೆಂಪು ಸಾಲು ಬಂತು. ಆಮೇಲೆ ಇನ್ನೊಂದು.

ಅವತ್ತೇ ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಎಲ್ಲ ಸೆಟ್ಟಿಂಗನ್ನೂ ಮೊದಲಿದ್ದ ಹಾಗೆ ಇಳಿಸಿಟ್ಟೆ, ಅಷ್ಟೇ. ಕೆಲಸ ಹೋದರೆ ಎಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ಶೆಡ್ಡಿನ ಗಂಡಸರ ನಡುವೆ ಕಂಪ್ಯೂಟರಿನ ವಿಷಯದಲ್ಲಿ ನನ್ನ ಮಾತೇ ಕೊನೆ ಎಂದಿದ್ದ ಹೆಮ್ಮೆ ಇತ್ತು. ಮೂರು ದಿನ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕೆಲಸವಿಲ್ಲದಿದ್ದರೂ ಗೇಟಿನ ತನಕ ಹೋಗುವುದು, ಮುಖ ತೊಳೆಯುವುದು, ಬರುವುದು. ಮನೆಗೆ ಹೋದರೆ ಅಮ್ಮ, "ಯಾಕೆ ಬೆಕ್ಕಿನ ಥರ ಸುತ್ತುತಾ ಇದೀಯ, ಒಂದ್ಕಡೆ ಕೂತ್ಕೊಂಡು ಊಟ ಮಾಡು," ಎಂದರು.

ನಾಲ್ಕನೆಯ ದಿನ ನೀರು ಕುಡಿಯಲು ಹೋದಾಗ ಮೂಲೆಯಲ್ಲಿ ಆಪರೇಟರ್ ಕಂಡರು. ಅಳತೆಯ ವರ್ನಿಯರನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಓದಿದರು. ಆಮೇಲೆ ಆ ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿ ಓದಿದರು. ನಂತರ ಪಕ್ಕದ ಮಷೀನಿನವನನ್ನು ಕರೆದು, "ಇಲ್ಲೊಂದೀಟ ನೋಡೋ ತಮ್ಮಾ, ಎಷ್ಟೈತಿ?" ಎಂದು ಕೇಳಿದರು. ಅವನು ಹೇಳಿದ ಅಂಕಿಗೆ ತಲೆಯಾಡಿಸಿ, ಮತ್ತೆ ತಾವೇ ನೋಡಿದರು.

ನಾನು ಲೋಟ ಅಲ್ಲೇ ಇಟ್ಟು ಯಜಮಾನರ ಕೋಣೆಗೆ ಹೋದೆ. ಫ್ಯಾನ್ ತಂದು ಹಾಕಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಅವರು ಅರ್ಧದಲ್ಲಿ ತಡೆದು, "ಅಂದ್ರೆ ಬೋರ್‌ವೆಲ್ ಮೋಟ್ರಿಗೆ ಜಾಸ್ತಿ ಕರೆಂಟ್ ಕೊಟ್ಟಂಗಾ?" ಎಂದರು.

"ಹೌದು ಸಾರ್. ಅದು ಸುಟ್ಟುಹೋಗಿದ್ರೆ ಚೆನ್ನಾಗಿತ್ತು. ಸುಡದೆ ತಪ್ಪು ಹೇಳಿಬಿಡ್ತು."

ಅವರು ಬೈಯಲಿಲ್ಲ. ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ. "ಯಾವಾಗ್ ಗೊತ್ತಾಯ್ತು?" ಎಂದರು.

"ಮೂರು ದಿನ ಆಯ್ತು."

"ಮೂರು ದಿನ ಆ ಮನ್ಸ ಡ್ರಿಲ್ ಒಡೀತಾವ್ನೆ. ನನ್ನತ್ರ ಯಾಕ್ ಬಂದೆ? ಓಗು, ಅವನಿಗ್ ಯೋಳು. ಎಲ್ರ ಮುಂದೇನೇ ಯೋಳು."

ಫೈಲಿನ ಆ ಸಾಲುಗಳನ್ನು ಪ್ರಿಂಟ್ ತೆಗೆದುಕೊಂಡು ಆಪರೇಟರ್ ಹತ್ತಿರ ಹೋದೆ. ಡ್ರಿಲ್ ನಿಲ್ಲುವವರೆಗೆ ನಿಂತಿದ್ದೆ. ಕ್ಷಮಿಸಿ ಎಂದು, ಮೊದಲಿನಿಂದ ಎಲ್ಲ ಹೇಳಿದೆ. ಅಕ್ಕಪಕ್ಕದವರು ಮಷೀನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಆಪರೇಟರ್ ಕಾಗದ ತೆಗೆದುಕೊಂಡು ಸಾಲಿನ ಮೇಲೆ ಬೆರಳಾಡಿಸುತ್ತಾ, ಆರು, ಮೂವತ್ತೆಂಟು, ಆರು ಎಂದು ಮೆಲ್ಲಗೆ ಓದಿದರು.

"ನಾ ಅಳದದ್ದ ಸರಿ ಇತ್ತಲ್ರೀ ಹಂಗಾರ?"

"ಸರಿಯಿತ್ತು. ಎರಡೂ ಸಲ ಸರಿಯಿತ್ತು. ನನ್ನದೇ ತಪ್ಪು."

"ನಿನ್ನೆ ಕಣ್ಣಿನ ಡಾಕ್ಟರ್ ಹಂತೇಕ ಹೋಗಿದ್ದೆ ನೋಡ್ರೀ ಮೇಡಂ," ಎಂದರು. "ಕಣ್ಣ ಚಲೋ ಅದಾವು ಅಂದ್ರು. ನಾ ನಂಬಲಿಲ್ಲ. ಡಾಕ್ಟರ್ ಸುಳ್ಳ ಹೇಳ್ತಾರ ಅಂದ್ಕೊಂಡ್ನಿ." ಅಷ್ಟು ಹೇಳಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಪರವಾಗಿಲ್ಲ ಎಂದು ಹೇಳಲಿಲ್ಲ. ಕ್ಷಮಿಸಿ ಎಂದು ನಾನು ಎರಡನೇ ಸಲ ಹೇಳುವಷ್ಟರಲ್ಲಿ ಡ್ರಿಲ್ ಆನ್ ಮಾಡಿ, ಹಿಡಿದಿದ್ದ ಕೆಲಸವನ್ನು ಮುಗಿಸಿಯೇ ತಮ್ಮ ಮಷೀನಿಗೆ ಹೋದರು.

ಗುಳಿಗೆ ವೆಲ್ಡಿಂಗ್ ತುಂಬಿಸಿ ಅಚ್ಚನ್ನು ಮತ್ತೆ ಕೊರೆದೆವು. ಹಳೆಯ ವೇಗದಲ್ಲಿ ಲೆಕ್ಕಕ್ಕೆ ಐವತ್ತೆರಡು ನಿಮಿಷ ಹಿಡಿಯಿತು, ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊರೆತ ನಡೆದ ಐದು ಗಂಟೆ ಮಷೀನಿನ ಪಕ್ಕದಲ್ಲೇ ನಿಂತಿದ್ದೆ. ಆಪರೇಟರ್ ಒಂದು ಸಲ ಸ್ಟೂಲನ್ನು ಕಾಲಿನಲ್ಲಿ ನನ್ನ ಕಡೆ ತಳ್ಳಿದರು. ಅಚ್ಚು ಒಂದು ವಾರ ತಡವಾಗಿ ಗಿರಾಕಿಗೆ ಹೋಯಿತು. ಯಜಮಾನರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಮಳೆಗಾಲ ಮುಗಿಯುವ ತನಕ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಪರೇಟರ್ ಮಾತ್ರ ಹದಿನೈದು ದಿನಕ್ಕೆಲ್ಲ ಮೊದಲಿನಂತೆ, "ಚಾ ಕುಡದ್ರೇನ್ರೀ ಮೇಡಂ?" ಎನ್ನತೊಡಗಿದರು.

ವರ್ಷದ ಕೊನೆಗೆ ಅವರಿಗೆ ಬೊಮ್ಮಸಂದ್ರದ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕೊನೆಯ ದಿನ, ಅವರ ಜಾಗಕ್ಕೆ ಬಂದ ಆಪರೇಟರಿಗೆ ಮಷೀನು ತೋರಿಸುತ್ತಿದ್ದರು. ನಾನು ಹೊಸ ಫೈಲಿನ ವಿಷಯ ಹೇಳಲು ಅಲ್ಲಿಗೆ ಹೋಗಿದ್ದೆ. ನನ್ನನ್ನು ನೋಡಿಯೂ ದನಿ ತಗ್ಗಿಸದೆ ಅವರು ಹೇಳಿದರು: "ಫೈಲ್ ಬಂದ ಕೂಡ್ಲೆ ಬಟನ್ ಒತ್ತಬ್ಯಾಡ. ಅದರಾಗ ಎಲ್ಲಾದಕ್ಕಿಂತ ಆಳದ ಅಂಕಿ ಯಾವುದೈತಿ ಹುಡುಕಿ ನೋಡು. ಮೇಡಂ ಅವರ್ನ ಕೇಳು, ಅಷ್ಟ ಇರಬೇಕೇನ್ರೀ ಅಂತ. ಅವ್ರು ಹೌದಂದ ಮ್ಯಾಲೆ ಒತ್ತು."

ಹೊಸಬರು ನನ್ನ ಕಡೆ ನೋಡಿದರು.

"ಕೇಳಿ," ಎಂದೆ. "ಪ್ರತಿ ಸಲ ಕೇಳಿ."