ಆರು ಗಂಟೆಗೆ ಅಳೆದ ಬಾವಿ

೧೯೭೯ರ ಜನವರಿ, ಅಮಾವಾಸ್ಯೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ. ಬಾವಿಕಟ್ಟೆಯ ಬಳಿ ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಮತ್ತು ನಾನು ನೀರುಗಳ್ಳರೆಂದು ತೀರ್ಮಾನಿಸಿದ್ದ ಪಕ್ಕದ ಮನೆಯ ಹಿರಿಯರು.

ಮದರಾಸಿನ ಬೆಸೆಂಟ್ ನಗರದಾಚೆ, ಹಿನ್ನೀರಿನ ನಡುವೆ ಮರಳು ಸುರಿದು ಎತ್ತರಿಸಿದ ದಿಬ್ಬದ ಮೇಲೆ ನಮ್ಮವೆರಡೇ ಬಾಡಿಗೆ ಮನೆಗಳು. ಸುತ್ತಲೂ ಉಪ್ಪುನೀರು, ದಾಟಲು ಒಂದು ಮರದ ಸೇತುವೆ, ಎರಡೂ ಮನೆಗೆ ಸೇರಿ ಒಂದು ಸಿಹಿನೀರಿನ ಬಾವಿ. ಪಕ್ಕದವರು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಕನ್ನಡಿಗರು. ನಾನು ಹಾಸ್ಟೆಲಿನ ಗಂಟೆ ಕೇಳಿ ಬೆಳೆದವನು. ಆರಕ್ಕೆ ಬಾವಿ ಅಳೆಯುವುದು, ಆರೂ ಹತ್ತಕ್ಕೆ ಕಾಫಿ.

ನಾಲ್ಕು ಬೆರಳಿಗೊಂದು ಗಂಟು ಹಾಕಿದ ಹಗ್ಗ ನನ್ನ ಅಳತೆಗೋಲು. ಆ ವಾರ ನೀರು ದಿನವೂ ಚೂರುಚೂರೇ ಇಳಿಯುತ್ತಿತ್ತು. ನಾವು ಸೇದಿದ ಕೊಡಗಳ ಲೆಕ್ಕ ನನಗೆ ಗೊತ್ತು. ಮಿಕ್ಕದ್ದು ಪಕ್ಕದವರದೇ ಕೆಲಸ. ಬುಧವಾರ ಬಾವಿಯ ಮುಚ್ಚಳಕ್ಕೆ ಬೀಗ ಜಡಿದೆ.

ಹಿರಿಯರು ಜಗಳಕ್ಕೆ ಬರಲಿಲ್ಲ. ಕೊಡ ಹೊತ್ತು ಸೇತುವೆಯಾಚೆಯ ಬೀದಿ ಕೊಳಾಯಿಗೆ ಹೋಗತೊಡಗಿದರು. ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತೇವೆಂದು ನನ್ನ ಹೆಂಡತಿಗೆ ತಿಳಿಸಿದರು. ನನ್ನ ಕಾಫಿ ಆರೂ ಇಪ್ಪತ್ತಕ್ಕೆ ಬರತೊಡಗಿತು.

ಬೀಗ ಹಾಕಿದ ಮೇಲೂ ನೀರು ಇಳಿಯಿತು. ವರ್ಕ್‌ಶಾಪಿನವರಿಗೆ ಇನ್ನೊಂದು ಕೀಲಿ ಮಾಡಿಕೊಳ್ಳುವುದು ಏನು ಮಹಾ ಎಂದುಕೊಂಡೆ. ಶನಿವಾರ ಸಂಜೆ ಹೆಂಡತಿ ನಮ್ಮ ಹಂಡೆಗಳನ್ನೆಲ್ಲ ತುಂಬಿಸಿ, ಮುಚ್ಚಳದ ಸಂದಿಗೆ ಗಂಜಿ ಬಳಿದು ಸುತ್ತಲೂ ಕಾಗದ ಅಂಟಿಸಿದಳು. ಭಾನುವಾರ ಆರಕ್ಕೆ ನೋಡಿದರೆ ಕಾಗದ ಹರಿದಿರಲಿಲ್ಲ. ನೀರು ಮಾತ್ರ ಮತ್ತೆ ಒಂದು ಬೆರಳು ಕೆಳಗೆ.

"ಈಗ ಯಾರ ಮೇಲೆ ಕಂಪ್ಲೇಂಟು ಸಾರ್?" ಎಂದರು ಹಿರಿಯರು. "ಪೇಪರ್ ಮತ್ತೆ ಅಂಟಿಸಿ. ಹನ್ನೊಂದಕ್ಕೆ ಇನ್ನೊಂದ್ಸಲ ಅಳೀರಿ."

"ನಾನು ಅಳೆಯೋದು ಆರಕ್ಕೆ."

"ಒಂದಿನ ಹನ್ನೊಂದಕ್ಕೂ ಅಳೀರಿ, ನಿಮ್ಮ ಗಡಿಯಾರ ಏನೂ ನೊಂದ್ಕೊಳಲ್ಲ" ಎಂದಳು ಹೆಂಡತಿ.

ಹನ್ನೊಂದಕ್ಕೆ ಕಾಗದ ಬಿಡಿಸಿ ಹಗ್ಗ ಇಳಿಸಿದೆ. ಆರು ಗಂಟೆಗಿಂತ ಮೂರು ಗಂಟು ಹೆಚ್ಚು ಒದ್ದೆಯಾಗಿತ್ತು.

ಹಿರಿಯರು ಬಾವಿಯೊಳಗೆ ಇಣುಕಿದರು. "ಅಡಡಾ, ಕಳ್ಳ ವಾಪಸ್ ತಂದು ಇಟ್ಬಿಟ್ಟ ಪೋಲ, ಹಂಗೇ ಕಾಣುತ್ತೆ."

ಆಮೇಲೆ ವಿವರಿಸಿದರು. "ನಾಲ್ಕು ದಿವಸ ಕೊಡ ಹೊತ್ತು ಸೇತುವೆ ದಾಟಿದೋನು ನಾನು. ಸಮುದ್ರ ಏರಿದ್ರೆ ಸೇತುವೆ ಕೆಳಗೆ ನೀರು ತುಂಬುತ್ತೆ. ಅದು ನಾಲ್ಕೂ ಕಡೆಯಿಂದ ಮರಳೊಳಗೆ ಒತ್ತಿ, ಬಾವಿ ನೀರನ್ನ ಮೇಲಕ್ಕೆ ಎತ್ತುತ್ತೆ, ಒಂದೆರಡು ಗಂಟೆ ಲೇಟಾಗಿ. ಇಳಿದ್ರೆ ಇದೂ ಇಳಿಯುತ್ತೆ. ಆದ್ರೆ ಆ ಏರಿಳಿತ ದಿನಾ ಮುಕ್ಕಾಲು ಗಂಟೆ ತಡವಾಗಿ ಬರುತ್ತೆ. ಸಮುದ್ರ ನಿಮ್ಮ ಹಾಸ್ಟೆಲಲ್ಲಿ ಓದಿಲ್ಲ ಸಾರ್."

ದಿನವೂ ಸರಿಯಾಗಿ ಆರಕ್ಕೇ ಅಳೆದಿದ್ದರಿಂದ, ಉಬ್ಬರವಿಳಿತದ ಒಂದೊಂದು ಕೆಳಗಿನ ಮೆಟ್ಟಿಲು ದಿನವೂ ನನ್ನ ಹಗ್ಗಕ್ಕೆ ಸಿಕ್ಕಿತ್ತು. ಆಗೊಮ್ಮೆ ಈಗೊಮ್ಮೆ ಅಳೆಯುವ ಸೋಮಾರಿಯಾಗಿದ್ದರೆ ಯಾರನ್ನೂ ಕಳ್ಳರೆನ್ನುತ್ತಿರಲಿಲ್ಲ.

ಬೀಗ ಕಳಚಿ ಹಿನ್ನೀರಿಗೆ ಎಸೆದೆ. ಕೊಡ ತೆಗೆದುಕೊಂಡು ಅವರ ಹಂಡೆ ತುಂಬಿಸತೊಡಗಿದೆ. ಐದನೇ ಕೊಡಕ್ಕೆ ಕೇಳಿದೆ, "ತಪ್ಪಾಯ್ತು. ಇಲ್ಲೇ ಇರ್ತೀರಲ್ಲ?"

"ನೀರು ಸೇದೋಕೆ ಇಷ್ಟು ಪಂಕ್ಚುಯಲ್ ಆಳು ಸಿಕ್ಕಿರೋವಾಗ ಎಲ್ಲಿಗೆ ಹೋಗ್ಲಿ ಸಾರ್?"

ಹನ್ನೆರಡೂ ಕಾಲಿಗೆ ಹನ್ನೊಂದನೇ ಕೊಡ ಸುರಿದೆ. ಹಂಡೆ ತುಂಬಿತು.